ಹಳೆಯ ವಿಮಾನಗಳ ಬಿಡಿಭಾಗಗಳು: ಸಂಗ್ರಹ ಮತ್ತು ಮರುಬಳಕೆಯ ವಿಮರ್ಶೆ

೧

ಹಾರಾಟದಿಂದ ನಿವೃತ್ತವಾದ ವಿಮಾನಗಳ ಅವಶೇಷಗಳನ್ನು ಸಂಗ್ರಹಿಸುವುದೂ ಅವುಗಳ ಬಿಡಿಭಾಗಗಳನ್ನು ಹೊಸ ಉಪಯೋಗಗಳಿಗೆ ಒಗ್ಗಿಸಿಕೊಳ್ಳುವುದೂ ಇಂದು ಅನೇಕ ದೇಶಗಳಲ್ಲಿ ಹವ್ಯಾಸವಾಗಿಯೂ ವ್ಯಾಪಾರವಾಗಿಯೂ ಬೆಳೆದಿವೆ. ರೆಕ್ಕೆಯ ತುಂಡು ಮೇಜಾಗುತ್ತದೆ. ಎಂಜಿನ್ನಿನ ಸಿಲಿಂಡರು ದೀಪದ ಕಂಬವಾಗುತ್ತದೆ. ವೈಮಾನಿಕನ ಮುಂದಿದ್ದ ಮಾಪಕ ಗೋಡೆಯ ಗಡಿಯಾರವಾಗುತ್ತದೆ. ಇನ್ನೊಂದು ಕಡೆ, ಹತ್ತು ವಿಮಾನಗಳ ಅವಶೇಷಗಳಿಂದ ಒಂದು ವಿಮಾನವನ್ನು ಪುನಃ ಕಟ್ಟಿ ನಿಲ್ಲಿಸುವ ಶ್ರದ್ಧಾವಂತರೂ ಇದ್ದಾರೆ. ಈ ಪ್ರವೃತ್ತಿಯನ್ನು ಹೊಗಳಿ ಬರೆದವರು ಹಲವರು. ಅದನ್ನು ತೂಗಿ ನೋಡಿದವರು ಕಡಮೆ. ಯಾವ ಸಂಗ್ರಹವನ್ನು ಉತ್ತಮವೆನ್ನಬೇಕು, ಯಾವ ಮರುಬಳಕೆಯನ್ನು ನಾಶವೆನ್ನಬೇಕು ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಹೊರಟಿದ್ದೇವೆ.

ಈ ಪ್ರಶ್ನೆಯನ್ನು ಬಳ್ಳಾರಿಯ ಸೀಮೆಯಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ಮುಂದೆ ಆ ಟಪಾಲನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್‌ಸೆಂಟ್. ಅವರ ದಾರಿಯ ತಂಗುದಾಣ ಬಳ್ಳಾರಿಯಾಗಿತ್ತು. ಅಂದು ಮದರಾಸು ಪ್ರಾಂತದ ಒಂದು ಜಿಲ್ಲಾಕೇಂದ್ರವಾಗಿದ್ದ, ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಊರು, ಹೀಗೆ ಭಾರತೀಯ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೇ ಸ್ಥಾನ ಪಡೆದಿದೆ.

ಐವತ್ತು ವರ್ಷಗಳ ತರುವಾಯ, ೧೯೮೨ರ ಅದೇ ದಿನ, ಎಪ್ಪತ್ತೆಂಟರ ವಯಸ್ಸಿನ ಟಾಟಾ ಅವರು ಆ ಯಾನವನ್ನು ಪುನಃ ನಡೆಸಿದರು. ಆದರೆ ಅವರು ಹಾರಿಸಿದ್ದು ಪುಸ್ ಮಾತ್ ಅಲ್ಲ. ಅದೇ ಕಾರ್ಖಾನೆಯ ಆಮೇಲಿನ ಮಾದರಿಯಾದ ಲೆಪರ್ಡ್ ಮಾತ್. ಯಾನವೂ ಕರಾಚಿಯಿಂದ ಮುಂಬಯಿಯವರೆಗೆ ಮಾತ್ರ ನಡೆಯಿತು. ಬಳ್ಳಾರಿಯ ಹಾದಿ ಅದರಲ್ಲಿ ಸೇರಲಿಲ್ಲ. ಸ್ಮರಣೆಯ ಕಾರ್ಯವೂ ಒಂದು ಆಯ್ಕೆಯ ಕಾರ್ಯ ಎಂಬುದಕ್ಕೆ ಇದು ನಿದರ್ಶನ. ಪುಸ್ ಮಾತ್‌ನ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆ, ರೆಕ್ಕೆಗಳು ಮರದವು. ಬಟ್ಟೆ ಹರಿಯುತ್ತದೆ, ಮರ ಕೊಳೆಯುತ್ತದೆ. ಅಂಥ ವಿಮಾನದಿಂದ ಬಹುಕಾಲ ಉಳಿಯಬಹುದಾದದ್ದು ಎಂಜಿನ್ನು, ಕೊಳವೆ, ನಾಲ್ಕಾರು ಮಾಪಕಗಳು, ಒಂದು ಹೆಸರಿನ ಫಲಕ. ಇವಲ್ಲದೆ ಕಾಗದದ ದಾಖಲೆ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯವೆಂಬುದು ನಮ್ಮ ವಾದದ ತಿರುಳು.

೨

ಒಂದು ವಸ್ತುವನ್ನು ಸಾಕ್ಷ್ಯವಾಗಿ ಕಾಣುವ ವಿದ್ಯೆಯನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು—ಈ ಮೂರೂ ಕಡೆಗಳಲ್ಲಿ ಆ ವಿದ್ಯೆ ಬಹುಕಾಲದಿಂದ ನಡೆದುಬಂದಿದೆ. ವಿಮಾನದ ಭಾಗಕ್ಕೂ ಅನ್ವಯಿಸುವ ಮೂರು ಒರೆಗಲ್ಲುಗಳನ್ನು ಇಲ್ಲಿಂದಲೇ ಆರಿಸಿಕೊಳ್ಳಬಹುದು.

ಮೊದಲನೆಯದು ಬಳ್ಳಾರಿಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ಸುತ್ತಲಿನ ಗುಡ್ಡಗಳಿಂದ ನೂರಾರು ಕಲ್ಲಿನ ಕೊಡಲಿಗಳನ್ನು ಸಂಗ್ರಹಿಸಿದರು. ಅವರ ಸಂಗ್ರಹ ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು; ಅದರ ವಿವರವಾದ ಪಟ್ಟಿ ಅವರು ತೀರಿಕೊಂಡ ಮೇಲೆ ೧೯೧೪ರಲ್ಲಿಯೂ, ಟಿಪ್ಪಣಿಗಳು ೧೯೧೬ರಲ್ಲಿಯೂ ಪ್ರಕಟವಾದವು. ಆ ಸಂಗ್ರಹದ ಬೆಲೆ ಇರುವುದು ಕಲ್ಲುಗಳ ಸಂಖ್ಯೆಯಲ್ಲಿ ಅಲ್ಲ. ಯಾವ ಕಲ್ಲು ಯಾವ ಸ್ಥಳದ್ದೆಂದು ಬರೆದಿಟ್ಟುದರಲ್ಲಿ. ಆ ಬರಹವಿದ್ದುದರಿಂದಲೇ ಸಂಗನಕಲ್ಲು, ಕಪ್ಪಗಲ್ಲುಗಳಿಗೆ ಮುಂದಿನ ವಿದ್ವಾಂಸರು ಮರಳಿ ಬರುವುದು ಸಾಧ್ಯವಾಯಿತು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಅಗೆತ ನಡೆಸಿದರು. ಇಂದು ಬಳ್ಳಾರಿಯ ಪುರಾತತ್ತ್ವ ಸಂಗ್ರಹಾಲಯವೇ ಫೂಟ್ ಅವರ ಹೆಸರನ್ನು ಹೊತ್ತಿದೆ. ಸ್ಥಳ ತಿಳಿಯದ ಕೊಡಲಿ ನುಣುಪಾದ ಒಂದು ಕಲ್ಲು ಮಾತ್ರ.

ಎರಡನೆಯದು ಸಿರುಗುಪ್ಪದ ಸೀಮೆಯದು. ಆ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರು ೧೯೬೩-೬೪ರಲ್ಲಿ ನವಶಿಲಾಯುಗದ ಜನವಸತಿಯನ್ನು ಅಗೆದು ತೋರಿಸಿದರು. ಅಗೆತಗಾರನು ಮಣ್ಣನ್ನು ಪದರ ಪದರವಾಗಿ ಬಿಡಿಸುತ್ತಾನೆ. ತನಗೆ ಕೆಳಗಿನ ಪದರದಲ್ಲಿ ಹೆಚ್ಚಿನ ಆಸಕ್ತಿಯಿದ್ದರೂ ಮೇಲಿನದನ್ನು ಅಳೆದು, ಬರೆದು, ಆಮೇಲೆಯೇ ತೆಗೆಯುತ್ತಾನೆ. ಮೇಲಿನ ಪದರವನ್ನು ಕಸವೆಂದು ಎಸೆಯುವವನಿಗೂ ನಿಧಿ ತೆಗೆಯುವವನಿಗೂ ಭೇದವಿಲ್ಲ.

ಮೂರನೆಯದು ಕುರುಗೋಡಿನದು. ಹನ್ನೆರಡನೆಯ ಶತಮಾನದಲ್ಲಿ ಸಿಂದರ ನೆಲೆಯಾಗಿದ್ದ, ದೊಡ್ಡಬಸವೇಶ್ವರನಿಂದ ಪ್ರಸಿದ್ಧವಾದ ಈ ಊರಿನಲ್ಲಿ ಶಾಸನಗಳಿವೆ. ಶಾಸನವನ್ನು ಅಚ್ಚುಮಾಡುವ ಪಂಡಿತನು ಪಾಠಕ್ಕಿಂತ ಮೊದಲು ಕಲ್ಲು ಯಾವ ಗುಡಿಯ ಯಾವ ಕಡೆಗೆ ನಿಂತಿದೆಯೆಂದು ಹೇಳುತ್ತಾನೆ. ಪಾಠದೊಳಗೆ ರಾಜನ ಪ್ರಶಸ್ತಿ ಮಾತ್ರವಲ್ಲದೆ ದಾನಿ, ದಾನ ಪಡೆದವ, ಎಷ್ಟೋ ವೇಳೆ ಬರೆದವನು ಮತ್ತು ಕಂಡರಿಸಿದವನು—ಎಲ್ಲರ ಹೆಸರುಗಳೂ ಬರುತ್ತವೆ. ರಾಜನ ಹೆಸರನ್ನು ಇಟ್ಟುಕೊಂಡು ಕಲ್ಲುಕುಟಿಗನ ಹೆಸರನ್ನು ಉಜ್ಜಿಹಾಕುವ ಅಧಿಕಾರ ಯಾವ ಸಂಪಾದಕನಿಗೂ ಇಲ್ಲ.

ದೊರೆತ ಸ್ಥಳ, ಪದರಗಳ ಕ್ರಮ, ದುಡಿದವರ ಹೆಸರು—ಈ ಮೂರನ್ನು ಮುಂದಿಟ್ಟುಕೊಂಡು ಕರ್ಣಾಟಕದ ಅತಿ ದೊಡ್ಡ ನಿದರ್ಶನವೊಂದನ್ನು ಈಗ ನೋಡೋಣ.

೩

ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದ ವಿಮಾನನಿಲ್ದಾಣದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನಗಳು ಗುಂಪುಗುಂಪಾಗಿ ಬಿದ್ದಿದ್ದವು. ಅಮೆರಿಕೆಯಲ್ಲಿ ೧೮,೦೦೦ಕ್ಕೂ ಮಿಕ್ಕಿ ತಯಾರಾದ ಜಾತಿ ಅದು. ಬಿಟ್ಟುಹೋಗುವವರು ಅವುಗಳನ್ನು ಯಾರೂ ಮತ್ತೆ ಹಾರಿಸಬಾರದೆಂದು ಉದ್ದೇಶಪೂರ್ವಕವಾಗಿಯೇ ಕೆಡಿಸಿದ್ದರು. ಗುಜರಿಯ ಲೆಕ್ಕದಲ್ಲಿ ಅವು ಕೆಲವು ಟನ್ನುಗಳ ಅಲ್ಯೂಮಿನಿಯಂ.

ಸ್ವಾತಂತ್ರ್ಯಾನಂತರ ಭಾರತದ ವಾಯುಪಡೆಗೆ ಭಾರಿ ಬಾಂಬರುಗಳ ಅಗತ್ಯ ಬಿದ್ದಿತು. ಆ ಅವಶೇಷಗಳಿಂದ ಹಾರಬಲ್ಲ ವಿಮಾನಗಳನ್ನು ಪುನಃ ಕಟ್ಟುವ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದಿತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯನ್ನು ನಡೆಸಿ ಕೈ ಪಳಗಿಸಿಕೊಂಡಿತ್ತು. ಅದರ ಕೆಲಸಗಾರರು ಒಂದು ವಿಮಾನದ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನ್ನು ಎಂದು ಹೊಂದಿಸಿ, ಹಾರಲು ಸಾಕಾಗುವಷ್ಟು ಮಾತ್ರ ಕಾನ್ಪುರದಲ್ಲಿ ಸರಿಪಡಿಸಿದರು. ಸಂಸ್ಥೆಯ ಪರೀಕ್ಷಾ ವೈಮಾನಿಕರಾದ ಜಮ್‌ಷೇದ್ ಮುನ್ಶಿ ಅವರು ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿ ಇಲ್ಲಿ ನಡೆಯಿತು. ಹೀಗೆ ಮರುಜನ್ಮ ಪಡೆದವು ೪೨ ವಿಮಾನಗಳು. ೧೯೪೮ರ ನವೆಂಬರಿನಲ್ಲಿ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಇವುಗಳಿಂದಲೇ ರೂಪುಗೊಂಡಿತು. ತರುವಾಯ ಆರನೆಯ ಸ್ಕ್ವಾಡ್ರನ್ ಇವುಗಳಿಂದ ಸಮುದ್ರದ ಮೇಲಿನ ಪಹರೆಯನ್ನು ನಡೆಸಿತು. ಕೊನೆಯವು ೧೯೬೮ರಲ್ಲಿ ನಿವೃತ್ತವಾದವು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಉಳಿದ ದೇಶಗಳಲ್ಲಿ ಈ ಜಾತಿಯ ವಿಮಾನಗಳು ಯುದ್ಧದ ಹಿಂದೆಯೇ ಕುಲುಮೆಗೆ ಹೋದವು. ವಸ್ತುಸಂಗ್ರಹಾಲಯಗಳಿಗೆ ಅವುಗಳ ನೆನಪು ಬಂದಾಗ ಪೂರ್ಣದೇಹದ ಮಾದರಿಗಳು ಮುಖ್ಯವಾಗಿ ಸಿಕ್ಕಿದ್ದು ಭಾರತದಲ್ಲಿ. ೧೯೬೮ರಲ್ಲಿ ಒಂದು ಕೆನಡಾಕ್ಕೆ, ೧೯೬೯ರಲ್ಲಿ ಒಂದು ಅಮೆರಿಕೆಯ ಅರಿಜೋನಾದ ಪಿಮಾ ಸಂಗ್ರಹಾಲಯಕ್ಕೆ, ೧೯೭೪ರಲ್ಲಿ ಒಂದು ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯಕ್ಕೆ ತೆರಳಿದವು. ಒಂದು ದೆಹಲಿಯ ಪಾಲಂನಲ್ಲಿ ಉಳಿಯಿತು. ಇವುಗಳನ್ನು ಕಾಪಾಡಿದ್ದು ಸಂಗ್ರಹದ ಬುದ್ಧಿಯಲ್ಲ, ಬಡತನದ ಬುದ್ಧಿ. ಪ್ರದರ್ಶನದ ಗಾಜುಮನೆಯಲ್ಲ, ಇಪ್ಪತ್ತು ವರ್ಷಗಳ ದುಡಿಮೆ. ಆದಕಾರಣ ಮರುಬಳಕೆ ಎಂಬುದು ಸಂರಕ್ಷಣೆಗೆ ಸಹಜವಾಗಿಯೇ ವಿರೋಧಿ ಎನ್ನುವವರ ಮತ ನಿಲ್ಲಲಾರದು.

೪

ಈ ಪರದೇಶದ ಬಾಳಿನಲ್ಲಿ ಅವುಗಳಿಗೆ ಒದಗಿದ ಉಪಚಾರವನ್ನು ಮಾತ್ರ ನಾವು ಪೂರ್ಣವಾಗಿ ಒಪ್ಪಲಾರೆವು. ಭಾರತದಿಂದ ಹೋದ ಒಂದು ಲಿಬರೇಟರ್ ೧೯೮೦ರ ದಶಕದಲ್ಲಿ ಬ್ರಿಟನ್ನಿನ ಮೂಲಕ ಅಮೆರಿಕೆಯ ಕಾಲಿಂಗ್ಸ್ ಪ್ರತಿಷ್ಠಾನಕ್ಕೆ ಸೇರಿ, ಬಹು ವೆಚ್ಚದ ಜೀರ್ಣೋದ್ಧಾರದ ಬಳಿಕ ೧೯೮೯ರಲ್ಲಿ ಪುನಃ ಹಾರಿತು. ಕುಶಲತೆಯ ದೃಷ್ಟಿಯಿಂದ ಅದು ಅಪೂರ್ವ ಸಾಧನೆ. ಆದರೆ ಅದರ ಮೈಮೇಲೆ ಬರೆದದ್ದು ಅದರ ಸ್ವಂತ ಹೆಸರಲ್ಲ. ಮೊದಲು ಒಂದು, ಆಮೇಲೆ ಇನ್ನೊಂದು, ೨೦೦೫ರಲ್ಲಿ ಮತ್ತೊಂದು—ಹೀಗೆ ಯುದ್ಧದಲ್ಲಿ ಖ್ಯಾತಿ ಪಡೆದ ಬೇರೆ ಅಮೆರಿಕನ್ ವಿಮಾನಗಳ ವೇಷಗಳನ್ನು ಅದು ತೊಟ್ಟಿತು. ಬ್ರಿಟನ್ನಿನಲ್ಲಿರುವುದು ಅಷ್ಟು ದೂರ ಹೋಗಲಿಲ್ಲ; ಯುದ್ಧದ ಕೊನೆಯಲ್ಲಿ ಅದು ನಿಜವಾಗಿಯೂ ಸೇವೆ ಸಲ್ಲಿಸಿದ್ದ ಬ್ರಿಟಿಷ್ ಸ್ಕ್ವಾಡ್ರನ್ನಿನ ಗುರುತನ್ನೇ ಅದಕ್ಕೆ ಕೊಟ್ಟರು.

ಈ ಎರಡನ್ನೂ ಮೇಲಿನ ಒರೆಗಲ್ಲುಗಳಿಗೆ ಹಚ್ಚಿ ನೋಡೋಣ. ಬ್ರಿಟನ್ನಿನ ಸಂಗ್ರಹಾಲಯ ಇರುವ ಪದರಗಳಲ್ಲಿ ಒಂದನ್ನು ಆರಿಸಿತು. ಅಷ್ಟರಮಟ್ಟಿಗೆ ಅದು ಸತ್ಯದ ಒಳಗಿದೆ. ಅಮೆರಿಕೆಯಲ್ಲಿ ನಡೆದದ್ದು ಇಲ್ಲದ ಪದರವನ್ನು ಹೊಸದಾಗಿ ಹಾಕುವ ಕೆಲಸ. ಮಡಿದ ಯೋಧರಿಗೆ ಗೌರವ ಸಲ್ಲಿಸುವುದು ಅದರ ಉದ್ದೇಶವೆಂಬುದನ್ನು ನಾವು ಬಲ್ಲೆವು. ಆ ಉದ್ದೇಶ ಪೂಜ್ಯವೇ. ಆದರೆ ಒಂದು ಗೌರವಕ್ಕಾಗಿ ಇನ್ನೊಂದು ಋಣವನ್ನು ಮರೆಯಬೇಕೆ? ಆ ವಿಮಾನ ಯುದ್ಧದಲ್ಲಿ ಕಳೆದದ್ದು ಕೆಲವೇ ತಿಂಗಳು. ಭಾರತದಲ್ಲಿ ದುಡಿದದ್ದು ಹತ್ತೊಂಬತ್ತು-ಇಪ್ಪತ್ತು ವರ್ಷ. ಅದು ಇಂದು ಇರುವುದಕ್ಕೆ ಕಾರಣವಾದವರು ಬೆಂಗಳೂರಿನ ಫಿಟ್ಟರುಗಳು, ರಿವೆಟ್ ಹೊಡೆದವರು, ತಾಮ್ರದ ತಂತಿ ಎಳೆದವರು. ಹೊಸ ಬಣ್ಣದ ಕೆಳಗೆ ಅವರ ಇಪ್ಪತ್ತು ವರ್ಷಗಳು ಕಾಣದಾಗುತ್ತವೆ. ರಾಜನ ಪ್ರಶಸ್ತಿಯನ್ನು ಕೊರೆದು, ಕಂಡರಿಸಿದವನ ಹೆಸರನ್ನು ಅಳಿಸಿದಂತೆ ಇದು.

ಪರದೇಶದವರನ್ನು ಮಾತ್ರ ಆಕ್ಷೇಪಿಸಿ ಸುಮ್ಮನಾಗುವುದು ನ್ಯಾಯವಲ್ಲ. ಆ ಕೆಲಸಗಾರರ ಹೆಸರುಗಳನ್ನು ನಾವಾದರೂ ಬರೆದಿಟ್ಟಿದ್ದೇವೆಯೆ? ಮುನ್ಶಿ ಅವರ ಹೆಸರು ಗ್ರಂಥಗಳಲ್ಲಿ ಬಂದಿದೆ. ಹಾರಿಸಿದವನ ಹೆಸರು ಉಳಿಯುವುದು ವಾಡಿಕೆ. ಹಾರುವಂತೆ ಮಾಡಿದವರ ಹೆಸರು ಹಾಜರಿ ಪುಸ್ತಕವನ್ನು ದಾಟಿ ಬರುವುದು ಅಪರೂಪ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎ.ಎಲ್. ಪರಂಪರಾ ಕೇಂದ್ರ ಆ ಸಂಸ್ಥೆಯ ವಿಮಾನಗಳನ್ನೂ ಎಂಜಿನ್ನುಗಳನ್ನೂ ಜನರ ಮುಂದಿಟ್ಟು ದೊಡ್ಡ ಉಪಕಾರವನ್ನೇ ಮಾಡಿದೆ. ಯಂತ್ರದ ಪಕ್ಕದಲ್ಲಿ ಕೈಯ ಚರಿತ್ರೆಯನ್ನೂ ನಿಲ್ಲಿಸುವುದು ವಿಶ್ವವಿದ್ಯಾನಿಲಯಗಳ ಪಾಲಿನ ಕೆಲಸ.

೫

ಇನ್ನು ಬಿಡಿಭಾಗಗಳ ಅಲಂಕಾರದ ವ್ಯಾಪಾರವನ್ನು ಕುರಿತು ಎರಡು ಮಾತು. ಇದರ ಪರವಾಗಿ ಒಂದು ಬಲವಾದ ವಾದವುಂಟು: ಎಲ್ಲ ವಿಮಾನಗಳನ್ನೂ ಉಳಿಸಲಾಗದು, ಕುಲುಮೆಗೆ ಹೋಗುವ ರೆಕ್ಕೆ ಮೇಜಾದರೆ ನಷ್ಟವೇನು? ತೋರಣಗಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡ ಬಳ್ಳಾರಿಯ ಜನರಿಗೆ ಲೋಹ ಕರಗಿದ ಮೇಲೆ ಅದಕ್ಕೆ ಹೆಸರಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ನವಶಿಲಾಯುಗದ ಮನುಷ್ಯನೂ ಮುರಿದ ಕೊಡಲಿಯನ್ನು ಬಡಿಗಲ್ಲಾಗಿ ಬಳಸಿದನು. ಸಿರುಗುಪ್ಪದ ಅಕ್ಕಿಗಿರಣಿಯ ಮೇಸ್ತ್ರಿ ಒಂದು ಯಂತ್ರದ ಗಾಲಿಯನ್ನು ಇನ್ನೊಂದಕ್ಕೆ ಹೊಂದಿಸಿದರೆ ಅದನ್ನು ಯಾರೂ ಅಪಚಾರವೆನ್ನುವುದಿಲ್ಲ.

ಈ ವಾದವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಬಡಿಗಲ್ಲಾದ ಕೊಡಲಿಯಲ್ಲಿ ಎರಡು ಬಾಳುಗಳ ಗುರುತೂ ಉಳಿದಿರುತ್ತದೆ. ಅಂಚಿನ ಮಸೆತವೂ ಕಾಣುತ್ತದೆ, ಹಿಂಬದಿಯ ಜಜ್ಜೂ ಕಾಣುತ್ತದೆ. ಅಲಂಕಾರದ ವ್ಯಾಪಾರಿ ಮಾಡುವ ಮೊದಲ ಕೆಲಸವೆಂದರೆ ಹಳೆಯ ಬಣ್ಣವನ್ನು ಕೆರೆದು ಲೋಹವನ್ನು ಕನ್ನಡಿಯಂತೆ ಬೆಳಗುವುದು. ಆ ಬಣ್ಣದ ಪದರಗಳಲ್ಲಿಯೇ ವಿಮಾನ ಯಾವ ಯಾವ ಪಡೆಯಲ್ಲಿತ್ತೆಂಬುದು ಬರೆದಿರುತ್ತದೆ. ಒಳಮೈಯ ಮೊಹರು, ತಪಾಸಣೆಗಾರನ ಗುರುತು, ದುರಸ್ತಿಯ ತೇಪೆ—ಇವೇ ಅದರ ಶಾಸನ. ಬೆಳಗಿದ ಮೇಲೆ ಉಳಿಯುವುದು ಹೊಳಪು. ಗ್ರಾಹಕನು ಇತಿಹಾಸದ ಹೆಸರಿನಲ್ಲಿ ಬೆಲೆ ಕೊಡುತ್ತಾನೆ. ಮಾರುವವನು ಅದೇ ಇತಿಹಾಸವನ್ನು ಒರಸಿ ಕೊಡುತ್ತಾನೆ.

ಹೊಳಪಿನ ಆಸೆಯಲ್ಲಿ ಅಪಾಯವೂ ಇಲ್ಲದಿಲ್ಲ. ಮಹಾಯುದ್ಧದ ಕಾಲದ ಅನೇಕ ಮಾಪಕಗಳ ಅಂಕಿಗಳಿಗೆ ಕತ್ತಲಲ್ಲಿ ಕಾಣಲೆಂದು ರೇಡಿಯಂ ಬೆರೆಸಿದ ಬಣ್ಣವನ್ನು ಹಚ್ಚುತ್ತಿದ್ದರು. ಆ ಬಣ್ಣದ ಬೆಳಕು ಕೆಲವು ದಶಕಗಳಲ್ಲಿ ಆರಿಹೋಗುತ್ತದೆ. ಆದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು ೧,೬೦೦ ವರ್ಷಗಳು ಬೇಕು. ಬೆಳಕಿಲ್ಲವೆಂದು ಗಾಜನ್ನು ಬಿಚ್ಚಿ ಕೆರೆಯುವವನು ಆ ಪುಡಿಯನ್ನು ಉಸಿರಿನೊಡನೆ ಎಳೆದುಕೊಳ್ಳುತ್ತಾನೆ. ಕೆಲವು ಚಕ್ರಗಳೂ ಎಂಜಿನ್ನಿನ ಕವಚಗಳೂ ಮೆಗ್ನೀಷಿಯಂ ಮಿಶ್ರಲೋಹದವು. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಅದನ್ನು ಆರಿಸದೆ ಕೆರಳಿಸುತ್ತದೆ. ಇನ್ನು, ಆಯುಷ್ಯ ಮುಗಿದ ಭಾಗವೊಂದು ಸುಳ್ಳು ದಾಖಲೆಯೊಡನೆ ಮರಳಿ ಹಾರುವ ವಿಮಾನವನ್ನು ಸೇರಿದರೆ ಪ್ರಾಣಹಾನಿಯೇ ಸಂಭವಿಸಬಹುದು. ಇದನ್ನು ತಡೆಯಲೆಂದೇ ತಿರಸ್ಕೃತ ಭಾಗಗಳನ್ನು ಕತ್ತರಿಸಿ ವಿಲೇವಾರಿ ಮಾಡುವ ಪದ್ಧತಿ ಬಂದಿದೆ. ಅಂಥ ಕತ್ತರಿಯ ಗುರುತನ್ನು ಬೆಸುಗೆ ಹಾಕಿ ಮುಚ್ಚುವ ಸಂಗ್ರಾಹಕನು ಅರಿಯದೆಯೇ ಒಂದು ಎಚ್ಚರಿಕೆಯನ್ನು ಅಳಿಸುತ್ತಾನೆ. ದಾಖಲೆ ಎಂಬುದು ಇಲ್ಲಿ ಪಾಂಡಿತ್ಯದ ಮಾತಲ್ಲ, ಜೀವರಕ್ಷಣೆಯ ಮಾತು.

ನಮ್ಮ ರಾಜ್ಯದಲ್ಲಿಯೇ ಇತ್ತೀಚೆಗೆ ನಡೆದ ಒಂದು ಕಾರ್ಯವನ್ನು ಇದಕ್ಕೆ ಎದುರಾಗಿ ಇಡಬಹುದು. ನೌಕಾಪಡೆಯ ಟುಪೊಲೆವ್-೧೪೨ ಜಾತಿಯ ವಿಮಾನಗಳು ೨೦೧೭ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತವಾದವು. ಅವುಗಳಲ್ಲಿ ಒಂದನ್ನು ಬಿಚ್ಚಿ, ಭಾಗಭಾಗವಾಗಿ ರಸ್ತೆಯ ಮೂಲಕ ೨೦೨೩ರಲ್ಲಿ ಕಾರವಾರಕ್ಕೆ ತಂದು, ಕಡಲತೀರದ ಯುದ್ಧನೌಕಾ ಸಂಗ್ರಹಾಲಯದ ಬಳಿಯಲ್ಲಿ ಮತ್ತೆ ಜೋಡಿಸಿದರು. ಅದು ತನ್ನ ಹೆಸರಿನಲ್ಲಿಯೇ, ತನ್ನ ಪಡೆಯ ಗುರುತಿನಲ್ಲಿಯೇ ನಿಂತಿದೆ. ಆದರೆ ಕಡಲಿನ ಉಪ್ಪುಗಾಳಿ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಹಗೆ. ವಿಮಾನಕ್ಕೆ ಬಳಸುವ ಡ್ಯುರಾಲುಮಿನ್‌ನಲ್ಲಿ ಶೇಕಡಾ ನಾಲ್ಕರಷ್ಟು ತಾಮ್ರವಿರುತ್ತದೆ. ಅದಕ್ಕೆ ಬಲ ಕೊಡುವ ಆ ತಾಮ್ರವೇ ಅದನ್ನು ತುಕ್ಕಿಗೂ ಗುರಿಮಾಡುತ್ತದೆ. ಬಯಲಿನಲ್ಲಿ ನಿಲ್ಲಿಸುವುದು ಸಂರಕ್ಷಣೆಯ ಆರಂಭ ಮಾತ್ರ. ವರ್ಷವರ್ಷದ ಆರೈಕೆಯೇ ಅದರ ಪರೀಕ್ಷೆ.

೬

ಈ ವಿಚಾರದಿಂದ ನಾವು ತಲುಪುವ ನಿರ್ಣಯ ಹೀಗಿದೆ. ಮರುಬಳಕೆ ತಪ್ಪಲ್ಲ, ದಾಖಲೆಯಿಲ್ಲದ ಮರುಬಳಕೆ ತಪ್ಪು. ಬಣ್ಣ ಬಳಿಯುವುದು ತಪ್ಪಲ್ಲ. ಕೆಳಗಿನ ಬಣ್ಣವನ್ನು ಬರೆದಿಡದೆ ಬಳಿಯುವುದು ತಪ್ಪು. ಸಂಗ್ರಾಹಕನ ಯೋಗ್ಯತೆಯನ್ನು ಅವನ ಕಪಾಟಿನಿಂದ ಅಳೆಯಬಾರದು, ಅವನ ವಹಿಯಿಂದ ಅಳೆಯಬೇಕು. ಆ ವಹಿಯಲ್ಲಿ ಕೊನೆಯ ಪಕ್ಷ ಐದು ಸಂಗತಿಗಳಿರಬೇಕು: ಭಾಗ ದೊರೆತ ಸ್ಥಳ ಮತ್ತು ದಿನ, ಫಲಕದ ಮೇಲಿನ ಸಂಖ್ಯೆಗಳು, ಶುಚಿಗೊಳಿಸುವ ಮೊದಲಿನ ಚಿತ್ರ, ಕತ್ತರಿಸಿದ್ದೇನು, ಸೇರಿಸಿದ್ದೇನು ಎಂಬ ವಿವರ, ಹಿಂದೆ ಅದರ ಮೇಲೆ ದುಡಿದವರ ಹೆಸರುಗಳು. ಫೂಟ್ ಅವರು ಕಲ್ಲಿಗೆ ತೋರಿದ ಮರ್ಯಾದೆಗಿಂತ ಹೆಚ್ಚಿನದನ್ನೇನೂ ನಾವು ಲೋಹಕ್ಕೆ ಕೇಳುತ್ತಿಲ್ಲ.

ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ ಇದರಲ್ಲಿ ಸಾಕಷ್ಟಿದೆ. ಬಳ್ಳಾರಿಯ ಹಳೆಯ ವಿಮಾನದಾರಿಯ ಮೇಲೆ ಬರೆದ ಅಂಚೆಯ ಕಾಗದಗಳು, ೧೯೩೨ರ ಆ ಟಪಾಲಿನ ಮೊಹರುಗಳು, ವಾಯುಪಡೆಯಲ್ಲಿಯೂ ವಿಮಾನ ಕಾರ್ಖಾನೆಯಲ್ಲಿಯೂ ದುಡಿದು ಸಿರುಗುಪ್ಪ, ಕುರುಗೋಡುಗಳಂಥ ಊರುಗಳಲ್ಲಿ ನೆಲೆಸಿದ ಹಿರಿಯರ ಮಾತುಗಳು, ಅವರ ಪೆಟ್ಟಿಗೆಗಳಲ್ಲಿನ ಉಪಕರಣಗಳು, ಗುಜರಿ ಅಂಗಡಿಗಳಿಗೆ ಬಂದು ಹೋಗುವ ಲೋಹದ ತುಂಡುಗಳು—ಇವುಗಳ ಪಟ್ಟಿ ಮಾಡಲು ದೊಡ್ಡ ಅನುದಾನ ಬೇಕಾಗಿಲ್ಲ. ಒಂದು ವಹಿ, ಒಂದು ಅಳತೆಪಟ್ಟಿ, ತಾಳ್ಮೆಯುಳ್ಳ ಇಬ್ಬರು ವಿದ್ಯಾರ್ಥಿಗಳು ಸಾಕು. ಲಿಬರೇಟರುಗಳನ್ನು ಕಟ್ಟಿದ ಪೀಳಿಗೆ ಈಗ ಬಹುಮಟ್ಟಿಗೆ ತೀರಿಹೋಗಿದೆ. ಅವರ ಮಕ್ಕಳಲ್ಲಿ ಉಳಿದಿರುವ ನೆನಪು ಇನ್ನೊಂದು ಪೀಳಿಗೆಯ ಮೇಲೆ ನಿಲ್ಲುವುದಿಲ್ಲ. ಲೋಹ ಕಾಯುತ್ತದೆ, ನೆನಪು ಕಾಯುವುದಿಲ್ಲ. ಆದಕಾರಣ ಕೆಲಸವನ್ನು ನೆನಪಿನಿಂದಲೇ ಮೊದಲುಮಾಡುವುದು ಯುಕ್ತ.